ಪುಸ್ತಕದ ಕಟ್ಟೆ: ಎಷ್ಟು ಭಾಷೆ ಎಂದು ಮೊದಲೇ ಕೇಳಬೇಡಿ

ಕಳೆದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುತ್ತ ಹಂಗೆರಿಯ ದುಭಾಷಿ ಕಾತೊ ಲೊಂಬ್ ಅವರ ಹೆಸರನ್ನು ಒಂದು ಸಾಲಿನಲ್ಲಿ ಎತ್ತಿ ಮುಂದೆ ಹೋಗಿದ್ದೆ. ಆ ಒಂದು ಸಾಲಿಗೆ 11 ಪತ್ರ ಬಂದಿವೆ. 31 ವರ್ಷ ಕಾಲೇಜು ಗ್ರಂಥಾಲಯದಲ್ಲಿ ಕೂತವಳು ನಾನು. ಹತ್ತು ಜನ ಬಂದು ಒಂದೇ ತರಹದ ಪುಸ್ತಕ ಕೇಳಿದರೆ ಅದಕ್ಕೊಂದು ಬೇರೆ ಕಪಾಟು ಮಾಡಿಬಿಡುವುದು ನನ್ನ ರೂಢಿ. ಹಾಗಾಗಿ ಅಡುಗೆ ಪುಸ್ತಕ, ತೋಟಗಾರಿಕೆ ಪುಸ್ತಕ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಬೇಕು. ಈ ಸಲ ಇಡೀ ಕಟ್ಟೆ ಭಾಷೆಗಳ ಬೆನ್ನು ಹತ್ತಿದವರಿಗೆ.

ಪ್ರಶ್ನೆ: ನನಗೆ ಕನ್ನಡ, ಇಂಗ್ಲಿಷ್, ಹಿಂದಿ ಬರುತ್ತವೆ. (ಮನೆಯಲ್ಲಿ ಹವಿಗನ್ನಡ.) ಹತ್ತಿಪ್ಪತ್ತು ಭಾಷೆ ಕಲಿತವರ ಆತ್ಮಕಥೆ ಓದುವ ಆಸೆ. ಯಾವುದರಿಂದ ಶುರು ಮಾಡಲಿ? ಓದಿದರೆ ಭಾಷೆ ಕಲಿಯುವ ಗುಟ್ಟು ನನಗೂ ಸಿಕ್ಕೀತೆ?
— ಬಿ.ಎ. ವಿದ್ಯಾರ್ಥಿನಿ, ಶಿರಸಿ

ಮೊದಲು ನಿನ್ನ ಲೆಕ್ಕ ಸರಿ ಮಾಡೋಣ ತಂಗಿ. ಹವಿಗನ್ನಡವನ್ನು ಯಾಕೆ ಕಂಸದೊಳಗೆ ಕೂರಿಸಿದೆ, ಮನೆಗೆ ನೆಂಟರು ಬಂದಾಗ ಒಳಗೆ ಕಳಿಸಿದ ಮಗುವಿನ ಹಾಗೆ? ನಾನು ಕುಮಟೆ ಕಡೆಯವಳು, ಮನೆಮಾತು ಕೊಂಕಣಿ. ಅರ್ಜಿಗಳಲ್ಲಿ ‘ಬಲ್ಲ ಭಾಷೆಗಳು’ ಎಂಬ ಖಾನೆಯಲ್ಲಿ ಕೊಂಕಣಿ ಎಂದು ಬರೆಯಲು ನನಗೆ ನಲವತ್ತು ವರ್ಷ ಆಗಬೇಕಾಯಿತು. ನೀನು ಅಷ್ಟು ತಡ ಮಾಡಬೇಡ.

ಲೊಂಬ್ ಅವರಿಂದಲೇ ಶುರು ಮಾಡು. 1909ರಲ್ಲಿ ಹಂಗೆರಿಯ ಪೇಚ್ ಊರಿನಲ್ಲಿ ಹುಟ್ಟಿದವರು. ಓದಿದ್ದು ರಸಾಯನಶಾಸ್ತ್ರ. ಶಾಲೆಯಲ್ಲಿ ‘ಈ ಹುಡುಗಿಗೆ ಭಾಷೆ ಹತ್ತುವುದಿಲ್ಲ’ ಎನ್ನಿಸಿಕೊಂಡಿದ್ದವರು ಮುಂದೆ 16 ಭಾಷೆಗಳಲ್ಲಿ ದುಭಾಷಿಯ ಇಲ್ಲವೇ ಅನುವಾದದ ಕೆಲಸ ಮಾಡಿ ಹೊಟ್ಟೆ ಹೊರೆದರು. 1941ರಲ್ಲಿ, ಯುದ್ಧದ ನಡುವೆ, ರಷ್ಯನ್ ಕಲಿಯಲು ಹೊರಟರು. ರಷ್ಯಾ ಆಗ ಶತ್ರುದೇಶ, ಆ ಭಾಷೆಯ ಪುಸ್ತಕ ಕೈಯಲ್ಲಿ ಕಂಡರೂ ಗಂಡಾಂತರ. ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ನಿಘಂಟು ಸಿಕ್ಕಿತು. ಬಾಂಬಿನ ಭಯಕ್ಕೆ ನೆಲಮಾಳಿಗೆಯಲ್ಲಿ ಕೂತಾಗ ಅವರು ಓದುತ್ತಿದ್ದದ್ದು ಗೊಗೊಲ್‌ನ ಕಾದಂಬರಿ. ಅದರ ಹಾಳೆಗಳನ್ನು ಒಂದು ಹಂಗೆರಿಯನ್ ವಿಶ್ವಕೋಶದ ಸಂಪುಟದೊಳಗೆ ಸೇರಿಸಿ ಹೊಲಿಸಿದ್ದರಂತೆ! ಪಕ್ಕದವರಿಗೆ ಕಾಣುವುದು ವಿಶ್ವಕೋಶ, ಒಳಗೆ ಗೊಗೊಲ್. ಗ್ರಂಥಪಾಲಕಿಯಾಗಿ ಪುಸ್ತಕದ ಹಾಳೆ ಕಿತ್ತವರನ್ನು ನಾನು ಸುಲಭಕ್ಕೆ ಕ್ಷಮಿಸುವುದಿಲ್ಲ, ಈಕೆಯನ್ನು ಮಾತ್ರ ಕ್ಷಮಿಸಿದ್ದೇನೆ. 1945ರಲ್ಲಿ ಸೋವಿಯತ್ ಸೈನ್ಯ ಬುಡಾಪೆಸ್ಟಿಗೆ ಬಂದಾಗ ಅವರ ಜೊತೆ ಮಾತಾಡಲು ನಗರದಲ್ಲಿ ಜನ ಬೇಕಾಯಿತು. ಈಕೆ ತಯಾರಾಗಿದ್ದರು.

1970ರಲ್ಲಿ ಇದನ್ನೆಲ್ಲ ಬರೆದರು. ಇಂಗ್ಲಿಷ್ ಅನುವಾದ ‘ಪಾಲಿಗ್ಲಾಟ್: ಹೌ ಐ ಲರ್ನ್ ಲಾಂಗ್ವೇಜಸ್’ 2008ರಲ್ಲಿ ಬಂತು, ಪ್ರಕಾಶಕರೇ ಅದನ್ನು ಜಾಲತಾಣದಲ್ಲಿ ಪುಕ್ಕಟೆ ಕೊಟ್ಟಿದ್ದಾರೆ. ಗುಟ್ಟು ಕೇಳಿದ್ದೀಯಲ್ಲ, ಆಕೆಯ ಹತ್ತಿರ ಗುಟ್ಟಿಲ್ಲ, ಒಂದು ಲೆಕ್ಕ ಇದೆ. ಹಾಕಿದ ಸಮಯಕ್ಕೆ ಆಸೆಯನ್ನು ಕೂಡಿಸಿ, ಬಂದದ್ದನ್ನು ಸಂಕೋಚದಿಂದ ಭಾಗಿಸಬೇಕು, ಉಳಿದದ್ದು ಫಲ. ನಮ್ಮ ಹುಡುಗಿಯರ ವಿಷಯದಲ್ಲಿ ಭಾಗಿಸುವ ಸಂಖ್ಯೆಯೇ ದೊಡ್ಡದು. ಇನ್ನೊಂದು ಮಾತನ್ನೂ ಹೇಳುತ್ತಾರೆ: ಅರೆಬರೆ ಬಂದರೂ ಪ್ರಯೋಜನಕ್ಕೆ ಬರುವ ವಿದ್ಯೆ ಭಾಷೆಯೊಂದೇ. ಅರೆಬರೆ ಪಿಟೀಲು ಕೇಳುವವರಿಗೆ ಹಿಂಸೆ, ಅರೆಬರೆ ಶಸ್ತ್ರವೈದ್ಯನ ಮಾತಂತೂ ಬೇಡ. ಆದರೆ ಅರೆಬರೆ ತಮಿಳಿನಲ್ಲಿ ಚೆನ್ನೈನ ಬಸ್ ಹತ್ತಬಹುದು. (ಚೆನ್ನೈ ನಾನು ಸೇರಿಸಿದ್ದು.)

ನಾನು 52ನೇ ವಯಸ್ಸಿನಲ್ಲಿ ಧಾರವಾಡದಲ್ಲಿ ಸಂಜೆಯ ಜರ್ಮನ್ ಕ್ಲಾಸಿಗೆ ಸೇರಿದ್ದೆ. ಮೇಜು ಗಂಡಸು, ದೀಪ ಹೆಂಗಸು, ಹುಡುಗಿ ಮಾತ್ರ ನಪುಂಸಕ ಎಂದು ಗೊತ್ತಾದ ವಾರವೇ ಕೈಬಿಟ್ಟೆ. ಲೊಂಬ್ ಓದಿದ ಮೇಲೆ ವ್ಯಾಕರಣ ಪುಸ್ತಕ ಮಡಚಿಟ್ಟು, ರಸ್ತೆಬದಿಯಲ್ಲಿ ನಲವತ್ತು ರೂಪಾಯಿಗೆ ಸಿಕ್ಕ ಒಂದು ಜರ್ಮನ್ ಪತ್ತೇದಾರಿ ಕಾದಂಬರಿ ಹಿಡಿದೆ. ಗೊತ್ತಿಲ್ಲದ ಶಬ್ದಕ್ಕೆಲ್ಲ ನಿಘಂಟು ತೆಗೆಯಬಾರದು, ಮೂರು ಸಲ ಎದುರಾದರೆ ಮಾತ್ರ ತೆಗೆಯಬೇಕು ಎಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೇನೆ. ಕುಂಟುತ್ತ ನಡೆದಿದೆ.

ಹಿಂದಿ ಓದಲು ಬರುತ್ತದೆ ಎಂದಿದ್ದೀಯ, ಅದರಲ್ಲಿ ರಾಹುಲ ಸಾಂಕೃತ್ಯಾಯನರ ‘ಮೇರಿ ಜೀವನ್ ಯಾತ್ರಾ’ ಇದೆ. ಆಜಮ್‌ಗಢ ಜಿಲ್ಲೆಯ ಹಳ್ಳಿಯಲ್ಲಿ 1893ರಲ್ಲಿ ಹುಟ್ಟಿದ ಕೇದಾರನಾಥ ಪಾಂಡೆ ಮನೆಬಿಟ್ಟು ಓಡಿ, ಸಾಧುವಾಗಿ, ಆರ್ಯಸಮಾಜಿಯಾಗಿ, ಬೌದ್ಧ ಭಿಕ್ಷುವಾಗಿ, ಕಮ್ಯುನಿಸ್ಟರಾಗಿ, ಹೋದಲ್ಲೆಲ್ಲ ಅಲ್ಲಿನ ಭಾಷೆ ಕಲಿತ ಕಥೆ. ಟಿಬೆಟ್ಟಿಗೆ ನಾಲ್ಕು ಸಲ ಹೋಗಿ, ಹೇಸರಗತ್ತೆಗಳ ಮೇಲೆ ಗ್ರಂಥಗಳನ್ನು ಹೊರಿಸಿಕೊಂಡು ಬಂದರು. ಆದರೆ ಓದುವಾಗ ಒಂದು ಕಣ್ಣು ಬೇರೆ ಕಡೆಯೂ ಇರಲಿ. ಬಾಲ್ಯವಿವಾಹದ ಹೆಂಡತಿ ಆಜಮ್‌ಗಢದಲ್ಲಿ, ರಷ್ಯನ್ ಹೆಂಡತಿ ಮತ್ತು ಮಗ ಲೆನಿನ್‌ಗ್ರಾಡಿನಲ್ಲಿ. ಭಾಷೆಗಳನ್ನು ಹೊತ್ತು ತಿರುಗಿದ ಗಂಡಸರು ಏನನ್ನು ಇಳಿಸಿ ಹೋದರು ಎಂಬುದು ಈ ಕಪಾಟಿನ ಪುಸ್ತಕಗಳಲ್ಲೆಲ್ಲ ಸಾಲುಗಳ ನಡುವೆ ಇರುತ್ತದೆ. ರಾಹುಲರಿಗೆ ಕೊನೆಗಾಲದಲ್ಲಿ ನೆನಪೇ ಹೋಯಿತು.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ, ಸಮಯ ಬೇಕಾದಷ್ಟಿದೆ. ಪುಸ್ತಕ ದಪ್ಪಗಿದ್ದರೂ ಅಡ್ಡಿಯಿಲ್ಲ, ಆದರೆ ‘ಮೂರು ತಿಂಗಳಲ್ಲಿ ಫ್ರೆಂಚ್’ ತರಹದ್ದು ಬೇಡ. ಒಂದೇ ಒಂದು ಹೆಸರು ಹೇಳಿ.
— ಓದುಗರು, ಹುಬ್ಬಳ್ಳಿ

ಒಂದೇ ಎಂದರೆ ಎಲಿಜಬೆತ್ ಮರ್ರೆ ಅವರ ‘ಕಾಟ್ ಇನ್ ದಿ ವೆಬ್ ಆಫ್ ವರ್ಡ್ಸ್’, 1977ರದ್ದು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆಯ ಜೀವನಚರಿತ್ರೆ, ಬರೆದದ್ದು ಮೊಮ್ಮಗಳು. ನಿಮಗೇ ಇದನ್ನು ಹೇಳಲು ಕಾರಣ ಇದೆ: ಮರ್ರೆಯೂ ಬ್ಯಾಂಕ್ ಗುಮಾಸ್ತರಾಗಿದ್ದರು, ಅದೂ ಭಾರತದ ಹೆಸರಿದ್ದ ಬ್ಯಾಂಕಿನಲ್ಲಿ!

ಸ್ಕಾಟ್ಲೆಂಡಿನ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ 1837ರಲ್ಲಿ ಹುಟ್ಟಿದ ದರ್ಜಿಯ ಮಗ. 14ನೇ ವಯಸ್ಸಿಗೆ ಶಾಲೆ ಮುಗಿಯಿತು. ಮೊದಲ ಹೆಂಡತಿಯ ಆರೋಗ್ಯ ಕೆಟ್ಟು, ಸ್ಕಾಟ್ಲೆಂಡಿನ ಚಳಿ ಆಗದು ಎಂದು ಲಂಡನ್ನಿಗೆ ಬಂದು, ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೆಕ್ಕ ಬರೆಯಲು ಕೂತರು. ಹೆಂಡತಿ ಉಳಿಯಲಿಲ್ಲ. 1866ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಕೆಲಸಕ್ಕೆ ಅವರು ಹಾಕಿದ ಅರ್ಜಿ ಪುಸ್ತಕದಲ್ಲಿದೆ, ಅದೊಂದನ್ನು ಓದಲಾದರೂ ಪುಸ್ತಕ ತರಿಸಿ. ಇಟಾಲಿಯನ್, ಫ್ರೆಂಚ್, ಕ್ಯಾಟಲನ್, ಸ್ಪ್ಯಾನಿಷ್, ಲ್ಯಾಟಿನ್ ಚೆನ್ನಾಗಿ, ಪೋರ್ಚುಗೀಸ್ ಸ್ವಲ್ಪ ಕಡಿಮೆ, ಡಚ್, ಜರ್ಮನ್, ಡೇನಿಷ್ ತಕ್ಕಮಟ್ಟಿಗೆ, ರಷ್ಯನ್ ಕೆಲಸಕ್ಕಾಗುವಷ್ಟು, ಹೀಬ್ರೂ, ಸಿರಿಯಾಕ್ ಓದುವಷ್ಟು, ಅರೇಬಿಕ್, ಕಾಪ್ಟಿಕ್ ಅದಕ್ಕಿಂತ ಕಡಿಮೆ. ಇನ್ನೂ ಇದೆ. ಇದರಲ್ಲಿ ನನಗೆ ಇಷ್ಟವಾಗುವುದು ಉದ್ದ ಅಲ್ಲ, ದರ್ಜೆ. ಯಾವುದು ಎಷ್ಟು ಬರುತ್ತದೆ ಎಂದು ಅಂಗಡಿಯ ತಕ್ಕಡಿಯಲ್ಲಿ ತೂಗಿದ ಹಾಗೆ ಬರೆದಿದ್ದಾರೆ. ಕೆಲಸ ಸಿಗಲಿಲ್ಲ!

ನಿಘಂಟಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 1879ರಲ್ಲಿ. 10 ವರ್ಷ, ಸುಮಾರು 7,000 ಪುಟ ಎಂಬುದು ಅಂದಾಜು. 1884ರಲ್ಲಿ ಮೊದಲ ಕಂತು ಹೊರಬಂದಾಗ ಮುಟ್ಟಿದ್ದದ್ದು ‘ಆಂಟ್’ ಎಂಬ ಶಬ್ದವನ್ನು, ಎಂದರೆ ಇರುವೆ. ಬ್ಯಾಂಕಿನಲ್ಲಿದ್ದವರು ನೀವು, ಆ ಲೆಕ್ಕದಲ್ಲಿ ಕೊನೆ ಯಾವಾಗ ಎಂದು ಆಗಲೇ ಹೇಳಿಬಿಡುತ್ತಿದ್ದಿರಿ. ಮುಗಿದದ್ದು 1928ರಲ್ಲಿ, 15,000ಕ್ಕೂ ಮೀರಿದ ಪುಟಗಳಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು, ‘ಟಿ’ ಅಕ್ಷರದ ಕೆಲಸದಲ್ಲಿದ್ದಾಗ.

ನಾನು ಮೂರು ಸಲ ಓದಿದ ಭಾಗ ಚೀಟಿಗಳದ್ದು. ಸಾವಿರಾರು ಓದುಗರು ಪುಸ್ತಕಗಳಿಂದ ಉದಾಹರಣೆ ವಾಕ್ಯ ಆರಿಸಿ ಚೀಟಿಯಲ್ಲಿ ಬರೆದು ಕಳಿಸುವ ಪದ್ಧತಿ. ಹಿಂದಿನ ಸಂಪಾದಕರ ಕಾಲದಲ್ಲಿ ಸೇರಿದ್ದ ಚೀಟಿಗಳು ಗೋಣಿಗಟ್ಟಲೆ ಮರ್ರೆಯ ಮನೆಗೆ ಬಂದು ಬಿದ್ದವು. ಒಂದು ಗೋಣಿಯಲ್ಲಿ ಸತ್ತ ಇಲಿ, ಇನ್ನೊಂದರಲ್ಲಿ ಮರಿಗಳ ಸಮೇತ ಜೀವಂತ ಸುಂಡಿಲಿ. ‘ಎಚ್’ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸಿನಲ್ಲಿ ಸಿಕ್ಕವು. ‘ಪಿ’ ಅಕ್ಷರದ ಒಂದು ಭಾಗ ಐರ್ಲೆಂಡಿನ ಒಂದು ಕುದುರೆ ಲಾಯದಲ್ಲಿತ್ತು, ಅದರಲ್ಲಿ ಕೆಲವನ್ನು ಆಗಲೇ ಬೆಂಕಿ ಹೊತ್ತಿಸಲು ಬಳಸಿಯಾಗಿತ್ತು. ‘ಬಾಂಡ್‌ಮೇಡ್’ ಎಂಬ ಒಂದು ಶಬ್ದದ ಚೀಟಿಯಂತೂ ಕಳೆದೇಹೋಗಿ, ಮೊದಲ ಆವೃತ್ತಿಯಲ್ಲಿ ಆ ಶಬ್ದವೇ ಇಲ್ಲ. ಆ ಶಬ್ದದ ಅರ್ಥ ಜೀತದಾಳು ಹೆಂಗಸು. ಕಳೆದುಹೋಗಲು ಅವಳೇ ಸಿಕ್ಕಳಲ್ಲ ಎಂದು ಪ್ರತಿಸಲ ಅನ್ನಿಸುತ್ತದೆ.

ಮನೆಯ ಅಂಗಳದಲ್ಲಿ ಒಂದು ತಗಡಿನ ಶೆಡ್, ಅದಕ್ಕೆ ‘ಸ್ಕ್ರಿಪ್ಟೋರಿಯಮ್’ ಎಂದು ಗಂಭೀರ ಹೆಸರು. ಆಕ್ಸ್‌ಫರ್ಡಿಗೆ ಬಂದ ಮೇಲೆ ನೆರೆಮನೆಯ ಪ್ರೊಫೆಸರರಿಗೆ ನೋಟ ಕೆಡುತ್ತದೆ ಎಂದು ಅದನ್ನು ನೆಲದೊಳಗೆ ಇಳಿಸಿ ಕಟ್ಟಬೇಕಾಯಿತು. ಒಳಗೆ ಥಂಡಿ, ತೇವ. 11 ಮಕ್ಕಳು, ಎಲ್ಲರೂ ಚೀಟಿಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿ ಕೈಖರ್ಚಿನ ಕಾಸು ಸಂಪಾದಿಸುತ್ತಿದ್ದವರೇ. ಮೊಮ್ಮಗಳು ಬರೆದ ಪುಸ್ತಕವಾದ್ದರಿಂದ ಎರಡನೇ ಹೆಂಡತಿ ಏಡಾ ಎಲ್ಲೂ ಮರೆಯಾಗಿಲ್ಲ. ಅಜ್ಜನ ಪದವಿ, ಬಿರುದು ಬರೆಯುವವರು ಬೇಕಾದಷ್ಟು ಸಿಗುತ್ತಿದ್ದರು. ಆ ಮನೆ ಹೇಗೆ ನಡೆಯಿತು ಎಂದು ಬರೆಯಲು ಮನೆಯವರೇ ಬೇಕಿತ್ತು.

ಇದೇ ನಿಘಂಟಿಗೆ ಹುಚ್ಚಾಸ್ಪತ್ರೆಯಿಂದ ಸಾವಿರಾರು ಚೀಟಿ ಕಳಿಸಿದ ಕೊಲೆಗಾರ ವೈದ್ಯ ವಿಲಿಯಂ ಮೈನರ್‌ನ ಕಥೆಯನ್ನು ಸೈಮನ್ ವಿಂಚೆಸ್ಟರ್ 1998ರಲ್ಲಿ ಬರೆದು ಲಕ್ಷಗಟ್ಟಲೆ ಓದುಗರನ್ನು ಗಳಿಸಿದರು, ಸಿನಿಮಾ ಕೂಡ ಆಯಿತು. ರೈಲಿನಲ್ಲಿ ಓದಲು ಅದು ಚೆನ್ನ. ಮನೆಯಲ್ಲಿ ಕೂತು ಓದಲು ಮೊಮ್ಮಗಳದ್ದು.

ಪ್ರಶ್ನೆ: ಕಾರ್ಡಿನಲ್ ಮೆಝೊಫಾಂತಿ ಎಂಬುವರಿಗೆ 72 ಭಾಷೆ ಬರುತ್ತಿತ್ತು, ಇಟಲಿ ಬಿಟ್ಟು ಹೊರಗೇ ಹೋಗಿರಲಿಲ್ಲ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವೇ?
— ಓದುಗರು, ಗೋಕಾಕ

ವಾಟ್ಸ್ಆ್ಯಪ್ ಈ ಸಲ ಪೂರ್ತಿ ಸುಳ್ಳು ಹೇಳಿಲ್ಲ. ಜುಸೆಪ್ಪೆ ಮೆಝೊಫಾಂತಿ, ಬೊಲೊನ್ಯಾದ ಬಡಗಿಯ ಮಗ, 1774ರಿಂದ 1849. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಪರದೇಶಿ ಸೈನಿಕರ ಪಾಪನಿವೇದನೆ ಕೇಳಬೇಕಾಗಿ ಬಂದು ಅವರವರ ಭಾಷೆ ಕಲಿತರು ಎನ್ನುತ್ತಾರೆ. 72 ಎಂಬ ಸಂಖ್ಯೆ ಸಿಗುವುದು ಚಾರ್ಲ್ಸ್ ರಸೆಲ್ 1858ರಲ್ಲಿ ಬರೆದ ಜೀವನಚರಿತ್ರೆಯಲ್ಲಿ. ಆದರೆ ರಸೆಲ್ ಕೂಡ ಅದನ್ನು ದರ್ಜೆಗಳಾಗಿ ಒಡೆದಿದ್ದಾರೆ: ಪರೀಕ್ಷೆಗೆ ನಿಂತು ಸೊಗಸಾಗಿ ಆಡಿದ್ದು 30, ಮಿಕ್ಕವು ಇಳಿಯುತ್ತ ಹೋಗುತ್ತವೆ. ಫಾರ್ವರ್ಡ್ ಮಾಡುವವರು ಮೊತ್ತ ಮಾತ್ರ ಉಳಿಸಿಕೊಂಡಿದ್ದಾರೆ.

ಕವಿ ಬೈರನ್ ತನಗೆ ಗೊತ್ತಿದ್ದ ಎಲ್ಲ ಭಾಷೆಯ ಬೈಗುಳಗಳಿಂದ, ದೋಣಿಯವರ, ಗಾಡಿಯವರ, ಹೇಸರಗತ್ತೆ ಹೊಡೆಯುವವರ ಬೈಗುಳ ಸೇರಿಸಿ, ಈ ಪಾದ್ರಿಯನ್ನು ಪರೀಕ್ಷಿಸಿ ಸೋತು ಬಂದೆ ಎಂದು ಬರೆದುಕೊಂಡಿದ್ದಾನೆ. ಭಾಷೆ ಬರುತ್ತದೋ ಇಲ್ಲವೋ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಾರದು.

ಓದುವುದಾದರೆ ಮೈಕೆಲ್ ಎರಾರ್ಡ್ ಅವರ ‘ಬೇಬಲ್ ನೋ ಮೋರ್’ (2012) ಓದಿ. ಪವಾಡದ ಬೆನ್ನು ಹತ್ತಿ ಬೊಲೊನ್ಯಾದ ಗ್ರಂಥಾಲಯಕ್ಕೆ ಹೋದ ಆತನಿಗೆ ಅಲ್ಲಿ ಕಂಡದ್ದು ಕಟ್ಟುಕಟ್ಟು ಚೀಟಿ: ಒಂದು ಕಡೆ ಒಂದು ಭಾಷೆಯ ಶಬ್ದ, ಹಿಂದೆ ಇನ್ನೊಂದು ಭಾಷೆಯದ್ದು. ಪವಾಡಪುರುಷರೂ ಪರೀಕ್ಷೆಯ ಹಿಂದಿನ ದಿನದ ಹುಡುಗರ ಹಾಗೆ ಬಾಯಿಪಾಠ ಮಾಡಿದವರೇ.

ಪ್ರಶ್ನೆ: ಮಗಳು ಪಿಯುಸಿ ಎರಡನೇ ವರ್ಷ. ಭಾಷಾವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳ ಅಪ್ಪ ಮಾತು ಬಿಟ್ಟಿದ್ದಾರೆ. ಅವಳ ಕೈಗೆ ಕೊಡಲು ಒಂದು ಪುಸ್ತಕ ಹೇಳಿ, ಓದಿದ ಮೇಲೆ ಆಸೆ ಗಟ್ಟಿಯಾಗಬೇಕು ಇಲ್ಲವೇ ಬಿಟ್ಟುಹೋಗಬೇಕು.
— ತಾಯಿ, ದಾವಣಗೆರೆ

ಅಮ್ಮ, ಅವಳಿಗೊಂದು, ನಿಮಗೊಂದು ಹೇಳುತ್ತೇನೆ.

ಅವಳಿಗೆ ಮಾರ್ಗಲಿಟ್ ಫಾಕ್ಸ್ ಅವರ ‘ದಿ ರಿಡಲ್ ಆಫ್ ದಿ ಲ್ಯಾಬಿರಿಂತ್’ (2013). ಗ್ರೀಸ್‌ನ ಕ್ರೀಟ್ ದ್ವೀಪದಲ್ಲಿ ಸಿಕ್ಕ ‘ಲೀನಿಯರ್ ಬಿ’ ಎಂಬ ಲಿಪಿಯನ್ನು ಯಾರೂ ಓದಲಾರದೆ ಅರ್ಧ ಶತಮಾನ ಕಳೆದಿತ್ತು. ಕೀರ್ತಿ ಹೋದದ್ದು 1952ರಲ್ಲಿ ಅದನ್ನು ಬಿಡಿಸಿದ ತರುಣ ವಾಸ್ತುಶಿಲ್ಪಿ ಮೈಕೆಲ್ ವೆಂಟ್ರಿಸ್‌ಗೆ. ಬುನಾದಿ ಹಾಕಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜಿನ ಅಧ್ಯಾಪಕಿ ಆಲಿಸ್ ಕೋಬರ್. ಹಗಲು ಪಾಠ, ರಾತ್ರಿ ಊಟದ ಮೇಜಿನ ಮೇಲೆ ಲಿಪಿ. ಈ ಕೆಲಸಕ್ಕೆಂದೇ ಹತ್ತಾರು ಹಳೆಯ ಭಾಷೆ ಕಲಿತರು, ನಮ್ಮ ಸಂಸ್ಕೃತವೂ ಅದರಲ್ಲಿದೆ. ಯುದ್ಧಕಾಲದಲ್ಲಿ ಕಾಗದ ಸಿಗದೆ, ಶುಭಾಶಯ ಪತ್ರದ ಬೆನ್ನು, ಚರ್ಚಿನ ಕರಪತ್ರ, ಸಿಕ್ಕಿದ್ದನ್ನೆಲ್ಲ ಕೈಯಲ್ಲೇ ಕತ್ತರಿಸಿ ಸುಮಾರು 1,80,000 ಚೀಟಿ ಮಾಡಿದರು. ಅವನ್ನು ಜೋಡಿಸಿಟ್ಟದ್ದು ಖಾಲಿ ಸಿಗರೇಟ್ ಪೆಟ್ಟಿಗೆಗಳಲ್ಲಿ. 1950ರಲ್ಲಿ, 43ನೇ ವಯಸ್ಸಿಗೆ ತೀರಿಕೊಂಡರು, ಉತ್ತರಕ್ಕೆ ಎರಡು ವರ್ಷ ಬಾಕಿ ಇರುವಾಗ. ಊಹೆಗಳನ್ನು ಹರಿಬಿಡುವ ವಿದ್ವಾಂಸರನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಈ ಪುಸ್ತಕ ಓದಿ ನಿಮ್ಮ ಮಗಳು ‘ಅಯ್ಯೋ, ಇಷ್ಟೊಂದು ಚೀಟಿ ಯಾರು ಕತ್ತರಿಸುತ್ತಾರೆ’ ಎಂದರೆ ಅವಳ ಅಪ್ಪ ಗೆದ್ದರು. ‘ಸಿಗರೇಟ್ ಪೆಟ್ಟಿಗೆಯಲ್ಲಿ ಹೇಗೆ ಜೋಡಿಸಿದ್ದರು, ತೋರಿಸು’ ಎಂದರೆ ಪ್ರವೇಶದ ಅರ್ಜಿ ತಂದುಬಿಡಿ.

ಗಟ್ಟಿಯಾದರೆ ಎರಡನೆಯದಾಗಿ ಡೇನಿಯಲ್ ಎವರೆಟ್ ಅವರ ‘ಡೋಂಟ್ ಸ್ಲೀಪ್, ದೇರ್ ಆರ್ ಸ್ನೇಕ್ಸ್’ (2008). 1977ರಲ್ಲಿ ಕ್ರೈಸ್ತಧರ್ಮ ಪ್ರಚಾರಕ್ಕೆಂದು ಹೆಂಡತಿ ಮಕ್ಕಳೊಂದಿಗೆ ಅಮೆಜಾನ್ ಕಾಡಿನ ಪಿರಹಾ ಜನರ ನಡುವೆ ಹೋದವರು. ಹೆಂಡತಿ, ಮಗಳು ಮಲೇರಿಯಾದಿಂದ ಸಾವಿನ ಬಾಗಿಲಿಗೆ ಹೋಗಿ ಬರುತ್ತಾರೆ. ಆ ಭಾಷೆಯಲ್ಲಿ ಎಣಿಕೆಯ ಶಬ್ದಗಳೇ ಇಲ್ಲ ಎಂದು ಆತ ಹೇಳಿದ್ದು, ಎಲ್ಲ ಭಾಷೆಗಳ ಬುಡದಲ್ಲೂ ಒಂದೇ ವ್ಯಾಕರಣವಿದೆ ಎನ್ನುವ ಭಾಷಾವಿಜ್ಞಾನಿ ಚಾಮ್‌ಸ್ಕಿಯ ಸಿದ್ಧಾಂತಕ್ಕೆ ಎದುರು ನಿಂತದ್ದು ವಿದ್ವಾಂಸರ ನಡುವೆ ಇಂದಿಗೂ ಜಗಳದ ವಿಷಯ. ನನಗೆ ಆ ಜಗಳಕ್ಕಿಂತ ಹಿಡಿಸಿದ್ದು ಬೇರೆ. ‘ನಿನ್ನ ಯೇಸುವನ್ನು ನೀನು ಕಣ್ಣಾರೆ ನೋಡಿದ್ದೀಯಾ?’ ಎಂದು ಪಿರಹಾ ಜನ ಕೇಳಿದಾಗ ಆತನ ಬಳಿ ಉತ್ತರವಿರಲಿಲ್ಲ. ಅವರನ್ನು ಬದಲಿಸಲು ಭಾಷೆ ಕಲಿತವರು ಕೊನೆಗೆ ತಾವೇ ನಂಬಿಕೆ ಕಳೆದುಕೊಂಡರು, ಸಂಸಾರವೂ ಮುರಿಯಿತು.

ಇನ್ನು ನಿಮಗೆ ಎಲಿಯಾಸ್ ಕನೆಟ್ಟಿಯ ಬಾಲ್ಯದ ಆತ್ಮಕಥೆ, ಇಂಗ್ಲಿಷಿನಲ್ಲಿ ‘ದಿ ಟಂಗ್ ಸೆಟ್ ಫ್ರೀ’. ಮೂಲ ಜರ್ಮನ್, 1977. ಬಲ್ಗೇರಿಯಾದ ರೂಸೆ ಎಂಬ ಊರು, ಮನೆಯಲ್ಲಿ ಆಡುವುದು ಶತಮಾನಗಳ ಹಿಂದೆ ಸ್ಪೇನ್ ಬಿಟ್ಟ ಯಹೂದಿಗಳ ಹಳೆ ಸ್ಪ್ಯಾನಿಷ್, ಕೆಲಸದ ಹುಡುಗಿಯರು ಕಥೆ ಹೇಳುವುದು ಬಲ್ಗೇರಿಯನ್‌ನಲ್ಲಿ. ಅಪ್ಪ ಅಮ್ಮ ಗುಟ್ಟು ಮಾತಾಡುವುದು ಮಾತ್ರ ಜರ್ಮನ್‌ನಲ್ಲಿ. ಅರ್ಥವಾಗದ ಆ ಶಬ್ದಗಳನ್ನು ಹುಡುಗ ಒಂಟಿಯಾಗಿ ಕೂತು ಮಂತ್ರದ ಹಾಗೆ ಜಪಿಸುತ್ತಾನೆ. ಅಪ್ಪ ಹಠಾತ್ತನೆ ತೀರಿಕೊಂಡ ಮೇಲೆ, 1913ರಲ್ಲಿ, ಎಂಟು ವರ್ಷದ ಮಗನಿಗೆ ತಾಯಿ ಜರ್ಮನ್ ಕಲಿಸುತ್ತಾಳೆ, ಪುಸ್ತಕವನ್ನು ನೋಡಲೂ ಕೊಡದೆ, ತಪ್ಪಿದರೆ ಹೀಯಾಳಿಸುತ್ತ. ಗಂಡನೊಡನೆ ಆಡುತ್ತಿದ್ದ ಭಾಷೆಯನ್ನು ಆಡಲು ಮನೆಯಲ್ಲಿ ಇನ್ನೊಬ್ಬರು ಬೇಕಿತ್ತು ಅವಳಿಗೆ. ಹುಡುಗ ಕಲಿತ. ಮುಂದೆ ಆ ಭಾಷೆಯಲ್ಲೇ ಬರೆದು 1981ರಲ್ಲಿ ನೊಬೆಲ್ ಪಡೆದ. ಮಕ್ಕಳ ಓದಿನ ಬಗ್ಗೆ ಮನೆಯಲ್ಲಿ ಜಗಳ ನಡೆದಾಗಲೆಲ್ಲ ನನಗೆ ಈ ತಾಯಿ ನೆನಪಾಗುತ್ತಾಳೆ. ಅವಳನ್ನು ಮೆಚ್ಚಲೂ ಆಗುವುದಿಲ್ಲ, ಬಯ್ಯಲೂ ಆಗುವುದಿಲ್ಲ. ನಿಮ್ಮ ಯಜಮಾನರಿಗೂ ಓದಿ ಹೇಳಿ, ಮಾತು ಬಿಟ್ಟಿದ್ದಾರೆ ಹೊರತು ಕಿವಿ ಬಿಟ್ಟಿಲ್ಲವಲ್ಲ.

ಪ್ರಶ್ನೆ: ಎರಡು ತಿಂಗಳ ಹಿಂದೆ ನೀವು ಕಿಟೆಲ್ ಅವರದ್ದು ಕನ್ನಡದ ಮೊದಲ ನಿಘಂಟು ಎಂದು ಬರೆದಿರಿ. ನಮ್ಮ ಊರಿನಲ್ಲಿದ್ದ ರೀವ್ ಅವರನ್ನು ಮರೆತಿರೇನು? ಅಂದಹಾಗೆ ಕನ್ನಡದ ಭಾಷಾವಿದ್ವಾಂಸರ ಬಗ್ಗೆ ಓದಲು ಏನೂ ಇಲ್ಲವೇ?
— ಓದುಗರು, ಬಳ್ಳಾರಿ

ತಪ್ಪೊಪ್ಪಿಕೊಂಡೆ. ಬಳ್ಳಾರಿಯ ಮಿಷನ್ನಿನಲ್ಲಿದ್ದ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ 1832ರಲ್ಲಿ ಅಚ್ಚಾಯಿತು. ಅದೇ ವರ್ಷ ಜರ್ಮನಿಯಲ್ಲಿ ಫರ್ಡಿನೆಂಡ್ ಕಿಟೆಲ್ ಹುಟ್ಟಿದರು. ಅವರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದದ್ದು 1894ರಲ್ಲಿ, ಸುಮಾರು 70,000 ಶಬ್ದಗಳೊಂದಿಗೆ. ನಡುವೆ 62 ವರ್ಷ! ಇನ್ನು ಮುಂದೆ ‘ಮೊದಲ’ ಎಂದು ಬರೆಯುವಾಗ ಕೈ ತಡೆಯುತ್ತೇನೆ.

ಕಿಟೆಲ್ ಬಗ್ಗೆ ಕಲ್ಲಿನ ಪ್ರತಿಮೆಗಿಂತ ಹೆಚ್ಚಿನದು ಬೇಕಿದ್ದವರು ರೈನ್‌ಹಾರ್ಡ್ ವೆಂಟ್ ಸಂಪಾದಿಸಿದ ಇಂಗ್ಲಿಷ್ ಲೇಖನ ಸಂಗ್ರಹ ‘ಆ್ಯನ್ ಇಂಡಿಯನ್ ಟು ದಿ ಇಂಡಿಯನ್ಸ್?’ (2006) ನೋಡಬೇಕು. ಆ ಹೆಸರಿನ ಕೊನೆಯ ಪ್ರಶ್ನಾರ್ಥಕ ಚಿಹ್ನೆಯಲ್ಲೇ ವಿಷಯ ಇದೆ. ಜನರನ್ನು ಮತಾಂತರಿಸಲು ಬಂದ ಈ ಮನುಷ್ಯ ಕೇಶಿರಾಜ, ನಾಗವರ್ಮರ ಗ್ರಂಥಗಳನ್ನು ಸಂಪಾದಿಸಿ ಅಚ್ಚು ಹಾಕಿಸುತ್ತ ಕೂತರು. ಮಿಷನ್ನಿನ ಲೆಕ್ಕದಲ್ಲಿ ಸೋತವರು, ನಮ್ಮ ಲೆಕ್ಕದಲ್ಲಿ ಗೆದ್ದವರು. ಆದರೆ ಕಿಟೆಲ್ಲರ ಒಳ್ಳೆಯ ಆತ್ಮಕಥೆ ಅವರ ನಿಘಂಟೇ ಎಂಬುದು ನನ್ನ ಹುಚ್ಚು ವಾದ. ಯಾವುದಾದರೂ ಪುಟ ತೆರೆಯಿರಿ. ಹಳೆಗನ್ನಡ ಕಾವ್ಯದ ಶಬ್ದದ ಬೆನ್ನಿಗೇ ಹೊಲದ ಗಾದೆ ಇರುತ್ತದೆ. ಪಂಡಿತರು ಕೊಟ್ಟದ್ದು ಯಾವುದು, ಬೀದಿಯಲ್ಲಿ ಕಿವಿಗೆ ಬಿದ್ದದ್ದು ಯಾವುದು ಎಂದು ಹುಡುಕುತ್ತ ಒಂದು ಮಧ್ಯಾಹ್ನ ಕಳೆಯಬಹುದು.

ಜಿ. ವೆಂಕಟಸುಬ್ಬಯ್ಯ ಅವರನ್ನು (1913–2021) ಹೇಳದೆ ಮುಂದೆ ಹೋದರೆ ನನ್ನ ಬಾಯಿಗೆ ಅನ್ನ ಇಳಿಯದು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ನಿಘಂಟಿನ ಹೆಗಲು ಅವರು. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಬರೆದವರು. ಓದುಗರ ಪ್ರಶ್ನೆಗೆ ಉತ್ತರಿಸುವ ನಮ್ಮಂಥವರಿಗೆಲ್ಲ ಅವರು ಮನೆಯ ಹಿರಿಯರು. ಆ ಅಂಕಣಗಳ ಸಂಪುಟಗಳನ್ನು ಆತ್ಮಕಥೆಯ ಹಾಗೆಯೇ ಓದಬಹುದು: ಒಂದು ಶಬ್ದದ ಬಗ್ಗೆ ಯಾರೋ ಒಂದು ಕಾರ್ಡು ಬರೆಯುತ್ತಾರೆ, ಈ ಅಜ್ಜ ಕೋಶಗಳ ರಾಶಿಯಲ್ಲಿ ಇಳಿದು ಹೋಗಿ ಬರುತ್ತಾರೆ.

ಎ.ಕೆ. ರಾಮಾನುಜನ್ ನಮ್ಮವರೆಂದೂ ಭಾಷಾವಿಜ್ಞಾನಿ ಎಂದೂ ಎಷ್ಟೋ ಜನರಿಗೆ ಒಟ್ಟಿಗೆ ನೆನಪಾಗುವುದಿಲ್ಲ. ಮೈಸೂರಿನ ಆ ಮನೆಯಲ್ಲಿ ಮಹಡಿ ಮೇಲೆ ಗಣಿತದ ಪ್ರೊಫೆಸರ್ ಅಪ್ಪನ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ಅಮ್ಮನ ತಮಿಳು, ಹೊಸಿಲು ದಾಟಿದರೆ ಬೀದಿಯ ಕನ್ನಡ. ಅಮೆರಿಕದಲ್ಲಿ ಅವರು ಡಾಕ್ಟರೇಟಿಗೆ ಆರಿಸಿಕೊಂಡದ್ದು ಬೀದಿಯಲ್ಲಿ ಸಿಕ್ಕ ಕನ್ನಡದ ವ್ಯಾಕರಣವನ್ನು. ಅವರ ದಿನಚರಿಯ ಆಯ್ದ ಭಾಗ ‘ಜರ್ನೀಸ್’ 2019ರಲ್ಲಿ ಬಂತು. ತನ್ನ ಬಗ್ಗೆ ಅನುಮಾನ ಪಡುವ, ನಿದ್ದೆಗೆಡುವ ರಾಮಾನುಜನ್ ಅಲ್ಲಿದ್ದಾರೆ. ಕನ್ನಡದಲ್ಲೇ ಬೇಕೆಂದರೆ ‘ಮತ್ತೊಬ್ಬನ ಆತ್ಮಚರಿತ್ರೆ’ ಇದೆ, ಕಾದಂಬರಿ. ಹೆಸರನ್ನು ನಂಬಿ ಚರಿತ್ರೆಯ ಕಪಾಟಿನಲ್ಲಿಟ್ಟು ಬೈಸಿಕೊಂಡ ಸಹಾಯಕರೊಬ್ಬರನ್ನು ನಾನು ಬಲ್ಲೆ.

ನಗಬೇಕೆಂದರೆ ಬಿ.ಜಿ.ಎಲ್. ಸ್ವಾಮಿಯವರ ‘ತಮಿಳು ತಲೆಗಳ ನಡುವೆ’. ಸಸ್ಯಶಾಸ್ತ್ರದ ಪ್ರೊಫೆಸರ್, ಮದ್ರಾಸಿನಲ್ಲಿ ಕೂತು ತಮಿಳು ಕಲಿತು, ತಮಿಳು ವಿದ್ವಾಂಸರೊಡನೆ ಅವರದೇ ಸಾಹಿತ್ಯದ ಕಾಲನಿರ್ಣಯದ ಬಗ್ಗೆ ಜಗಳಕ್ಕಿಳಿದರೆ ಏನಾಗುತ್ತದೆ ಎಂಬುದು. ಅವರ ವಾದಗಳನ್ನೆಲ್ಲ ಒಪ್ಪಬೇಕಾಗಿಲ್ಲ, ನಾನೂ ಒಪ್ಪಿಲ್ಲ. ಆದರೆ ನೆರೆಮನೆಯ ಭಾಷೆಯನ್ನು ಜಗಳ ಆಡುವಷ್ಟು ಚೆನ್ನಾಗಿ ಕಲಿತ ಕನ್ನಡಿಗರು ಎಷ್ಟು ಜನ ಇದ್ದಾರೆ ಹೇಳಿ.

ಪ್ರಶ್ನೆ: ಭಾಷಾವಿದ್ವಾಂಸರು ಶಬ್ದಗಳ ಜೊತೆ ಆಟವಾಡುತ್ತ ಊರ ಉಸಾಬರಿಯಿಂದ ದೂರ ಇರುವವರು ಅಲ್ಲವೇ? ಹಾಗಿದ್ದರೆ ಅವರ ಬದುಕನ್ನು ಓದಿ ಏನು ಮಾಡುವುದು?
— ಹೈಸ್ಕೂಲು ಶಿಕ್ಷಕರು, ಚಿತ್ರದುರ್ಗ

ಮಾಸ್ತರರೇ, ವಿಕ್ಟರ್ ಕ್ಲೆಂಪರರ್ ಓದಿ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಫ್ರೆಂಚ್ ಸಾಹಿತ್ಯದ ಪ್ರೊಫೆಸರ್, ಹುಟ್ಟಿನಿಂದ ಯಹೂದಿ. ನಾಜಿಗಳು ಕೆಲಸ ಕಿತ್ತುಕೊಂಡರು, ಗ್ರಂಥಾಲಯದ ಬಾಗಿಲು ಮುಚ್ಚಿದರು, ಬೆರಳಚ್ಚು ಯಂತ್ರ ಕಸಿದರು. ಯಹೂದಿಗಳು ಬೆಕ್ಕು ಸಾಕಬಾರದೆಂದು ಆಜ್ಞೆ ಬಂದಾಗ ಮನೆಯ ಬೆಕ್ಕನ್ನು ಸಾಯಿಸಬೇಕಾಯಿತು. ಪುಸ್ತಕವಿಲ್ಲದ ವಿದ್ವಾಂಸ ಏನು ಓದಬೇಕು? ಸುತ್ತ ಆಡುವ ಮಾತನ್ನು ಓದಲು ಶುರುಮಾಡಿದರು. ಮರಣದ ಜಾಹೀರಾತು, ರೇಡಿಯೊ ಭಾಷಣ, ಕಾರ್ಖಾನೆಯಲ್ಲಿ ಪಕ್ಕದವನ ಹರಟೆ. ‘ಮತಾಂಧ’ ಎಂಬ ಅರ್ಥದ, ಬೈಗುಳವಾಗಿದ್ದ ಶಬ್ದ ಹೊಗಳಿಕೆಯಾದದ್ದು ಯಾವಾಗ ಎಂದು ಗುರುತು ಹಾಕಿಕೊಂಡರು. ಯಹೂದಿಯಲ್ಲದ ಹೆಂಡತಿ ಎಫಾ ಇದ್ದದ್ದರಿಂದ ಜೀವ ಉಳಿದಿತ್ತು. ಆಕೆಯೇ ಆ ಹಾಳೆಗಳನ್ನು ಪಕ್ಕದ ಊರಿನ ಗೆಳತಿಯ ಮನೆಗೆ ಸಾಗಿಸುತ್ತಿದ್ದದ್ದು. ಸಿಕ್ಕಿಬಿದ್ದಿದ್ದರೆ ಮೂವರಿಗೂ ಸಾವೇ.

1945ರ ಫೆಬ್ರವರಿ 13ರಂದು ನಗರದಲ್ಲಿ ಉಳಿದಿದ್ದ ಯಹೂದಿಗಳಿಗೆ ಗಡೀಪಾರಿನ ಆಜ್ಞೆ ಹಂಚುವ ಕೆಲಸ ಅವರ ಪಾಲಿಗೆ ಬಂತು. ಅದೇ ರಾತ್ರಿ ಡ್ರೆಸ್ಡೆನ್ ಮೇಲೆ ಬಾಂಬಿನ ಮಳೆ. ಉರಿಯುವ ಊರಿನಲ್ಲಿ ಯಹೂದಿಗಳು ಕೋಟಿನ ಮೇಲೆ ಹಾಕಿಕೊಳ್ಳಲೇಬೇಕಿದ್ದ ಹಳದಿ ನಕ್ಷತ್ರ ಕಿತ್ತುಹಾಕಿ ಗಂಡ ಹೆಂಡತಿ ತಪ್ಪಿಸಿಕೊಂಡರು. ಟಿಪ್ಪಣಿಗಳು ‘ಎಲ್‌ಟಿಐ’ (ನಾಜಿ ಆಡಳಿತದ ಭಾಷೆಗೆ ಅವರಿಟ್ಟ ಲ್ಯಾಟಿನ್ ಹೆಸರಿನ ಮೊದಲಕ್ಷರಗಳು) ಎಂಬ ಪುಸ್ತಕವಾಗಿ 1947ರಲ್ಲಿ ಬಂದವು, ದಿನಚರಿ ಅಚ್ಚಾದದ್ದು 1995ರಲ್ಲಿ. ಎರಡರ ಇಂಗ್ಲಿಷ್ ಅನುವಾದವೂ ಸಿಗುತ್ತದೆ. ನೀವು ಮೇಷ್ಟ್ರು, ಮಕ್ಕಳ ಬಾಯಲ್ಲಿ ಯಾವ ಶಬ್ದ ಹೊಸದಾಗಿ ಬಂತು ಎಂದು ನಮಗಿಂತ ಮೊದಲು ನಿಮ್ಮ ಕಿವಿಗೆ ಬೀಳುತ್ತದೆ. ಓದಿದ ಮೇಲೆ ನನಗೊಂದು ಪತ್ರ ಬರೆಯಿರಿ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನಿಮಗೆ ಎಷ್ಟು ಭಾಷೆ ಬರುತ್ತದೆ?
— ಹೆಸರು ಬರೆದಿಲ್ಲ, ಅಂಚೆಮುದ್ರೆ ಸಾಗರದ್ದು

ಕೇಳಬೇಡಿ ಎಂದು ಮೇಲೆಯೇ ಬರೆದಿದ್ದೆ. ಇರಲಿ, ಮರ್ರೆಯ ತಕ್ಕಡಿಯಲ್ಲಿ ತೂಗಿ ಹೇಳುತ್ತೇನೆ. ಕೊಂಕಣಿ ಕನಸಿಗೆ, ಹಾಲಿನವರ ಲೆಕ್ಕಕ್ಕೆ. ಕನ್ನಡ ಓದಿಗೆ, ಬರಹಕ್ಕೆ, ಜಗಳಕ್ಕೆ. ಮರಾಠಿ ಅತ್ತೆಯಿಂದ ಬಂದದ್ದು, ಅವರು ಹೋದ ಮೇಲೆ ತುಕ್ಕು ಹಿಡಿದಿದೆ. ಇಂಗ್ಲಿಷ್ ಓದಲು ಚೆನ್ನಾಗಿ, ಆಡಲು ಹೆದರಿಕೆ. ಹಿಂದಿ ರೈಲಿಗೆ ಸಾಕು. ಜರ್ಮನ್ ಕಾದಂಬರಿಯಲ್ಲಿ ಒಂಬತ್ತನೇ ಅಧ್ಯಾಯ ಮುಗಿದಿದೆ. ಹೆಣ ಸಿಕ್ಕಿದೆ, ಸತ್ತದ್ದು ಗಂಡಸೋ ಹೆಂಗಸೋ ಇನ್ನೂ ಖಾತ್ರಿಯಿಲ್ಲ.